ಆಯುಧ ಪೂಜೆಯ ದಿನ ಉಲ್ಟಾ ಆದ ಬ್ಯಾಟರಿ

ಒಬ್ಬ ಮನುಷ್ಯನ ಮುಖ ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ ಇಷ್ಟಿಷ್ಟೇ ಇಳಿಯುವುದನ್ನು ನಾನು ಕಣ್ಣಾರೆ ನೋಡಿದೆ. ನೋಡಿ ಎಂಟು ದಿನ ಆಯಿತು. ಇವತ್ತಿಗೂ ರೊಟ್ಟಿ ಮುರಿಯುವಾಗ ಅದು ನೆನಪಾಗಿ ನಗು ಬರುತ್ತದೆ, ಹೆಂಡತಿ ಬೈಯುತ್ತಾಳೆ. ಬೈಯಲಿ. ಆ ಮುಖ ಇಳಿಸಿದವಳು ನನ್ನ ಮೊಮ್ಮಗಳು. ಶಹಾಪುರದಲ್ಲಿ ಸಿಕ್ಕ ಸಿಕ್ಕವರನ್ನು ಹಿಡಿದು ನಿಲ್ಲಿಸಿ ಹೇಳಿದ್ದೇನೆ. ಹೇಳಲು ಇನ್ನು ಯಾರೂ ಉಳಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಮೂರನೇ ಇಯತ್ತೆ. ಅಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ಸಿಟ್ಟನ್ನು ಮಾತ್ರ ತಿದ್ದಬೇಡ ಎಂದು ಅವಳಿಗೆ ಹೇಳಿಟ್ಟಿದ್ದೇನೆ.

ನಲವತ್ತು ವರ್ಷದ ಮೇಲಾಯಿತು. ಸುರಪುರದಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಗಾಡಿಗಳ ವಾಯರಿಂಗ್, ಡೈನಮೊ, ಬ್ಯಾಟರಿ ಕೆಲಸ ಮಾಡುತ್ತಿದ್ದೆ. ನಾವಿಬ್ಬರು ಕೆಲಸಗಾರರು. ಇನ್ನೊಬ್ಬ ನನಗಿಂತ ಒಂದು ವರ್ಷ ಮೊದಲು ಸೇರಿದವನು. ಒಂದೇ ಡಬ್ಬಿಯ ರೊಟ್ಟಿ ತಿನ್ನುತ್ತಿದ್ದೆವು, ಒಂದೇ ಬೀಡಿ ಸೇದುತ್ತಿದ್ದೆವು. ಉಸ್ತಾದರು ನಮ್ಮನ್ನು ಜೋಡಿದಾರರು ಎನ್ನುತ್ತಿದ್ದರು. ಅವನ ಹೆಸರು ಬರೆದು ಕಾಗದ ಕೆಡಿಸುವುದಿಲ್ಲ, ಜೋಡಿದಾರ ಎಂದೇ ಕರೆಯುತ್ತೇನೆ.

ಊರಿನ ಸರಕಾರಿ ದವಾಖಾನೆಯ ಡಾಕ್ಟರ ಹತ್ತಿರ ಒಂದು ಬಿಳಿ ಅಂಬಾಸಿಡರ್ ಇತ್ತು. ಆಗಲೇ ಅದು ಹಳೆಯ ಗಾಡಿ. ಅದರ ಒಂದು ವಿಷಯ ಇಲ್ಲಿಯೇ ಹೇಳಿಬಿಡಬೇಕು, ಯಾಕೆಂದರೆ ನನ್ನ ಇಡೀ ಬಾಳು ಅದರಲ್ಲಿ ಸಿಕ್ಕಿಕೊಂಡಿತು. ಬ್ಯಾಟರಿಗೆ ಎರಡು ತುದಿ, ಪ್ಲಸ್ಸು ಮತ್ತು ಮೈನಸ್ಸು. ಒಂದು ತುದಿಯನ್ನು ಗಾಡಿಯ ಕಬ್ಬಿಣದ ಮೈಗೆ ಬಿಗಿಯುತ್ತಾರೆ. ಈಗಿನ ಎಲ್ಲ ಗಾಡಿಗಳಲ್ಲಿ ಮೈಗೆ ಹೋಗುವುದು ಮೈನಸ್ಸು. ಆಗಿನ ಲಾರಿಗಳಲ್ಲೂ ಹಾಗೆಯೇ ಇತ್ತು. ಆದರೆ ಡಾಕ್ಟರ ಕಾರಿನಂಥ ಕೆಲವು ಹಳೆಯ ಕಾರುಗಳಲ್ಲಿ ಪ್ಲಸ್ಸು ಮೈಗೆ ಹೋಗಬೇಕು. ಉಸ್ತಾದರು ನನ್ನ ಕಿವಿ ಹಿಂಡಿ ಕಲಿಸಿದ್ದರು: "ಈ ಗಾಡಿ ಬ್ಯಾರೆ. ಇದರ ಪ್ಲಸ್ ಬಾಡಿ ಕಡಿ. ಮರತೀ ಅಂದ್ರ ಸುಟ್ಟು ಬೂದಿ."

ಆ ವರ್ಷ ದಸರೆಯ ವಾರ ಆ ಕಾರಿನ ಡೈನಮೊ ಬ್ಯಾಟರಿಗೆ ಚಾರ್ಜ್ ಕೊಡುತ್ತಿರಲಿಲ್ಲ. ನಾನೇ ಬಿಚ್ಚಿ, ಸವೆದ ಕಾರ್ಬನ್ ತೆಗೆದು ಹೊಸದು ಹಾಕಿ, ಬೆಲ್ಟು ಬಿಗಿದು ಕೊಟ್ಟೆ. ಚಕಾಚಕ್ ಚಾರ್ಜ್ ಆಯಿತು. ಮರುದಿನ ಆಯುಧ ಪೂಜೆ. ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಪೂಜೆಗೆ ಬಂದ ಗಾಡಿಗಳನ್ನೆಲ್ಲ ತೊಳೆದು, ಅವುಗಳ ಬ್ಯಾಟರಿ ಕೆಳಗಿಳಿಸಿ, ಹಲಗೆಯ ಮೇಲೆ ನಟ್ಟು ಬಿಗಿಯುವ ಪಾನಾ, ಇಕ್ಕಳ, ಸುತ್ತಿಗೆಗಳ ಜೊತೆ ಸಾಲಾಗಿ ಇಟ್ಟು ವಿಭೂತಿ ಕುಂಕುಮ ಹಚ್ಚುತ್ತಿದ್ದೆವು. ಮಂಗಳಾರತಿ ಆದ ಮೇಲೆ ತಿರುಗಿ ಗಾಡಿಗೆ ಏರಿಸುವುದು. ಬೇರೆ ಎಲ್ಲೂ ಬ್ಯಾಟರಿ ಇಳಿಸಿ ಪೂಜೆ ಮಾಡುವುದನ್ನು ನಾನು ಕಂಡಿಲ್ಲ. ಗಾಡಿಯ ಜೀವ ಬ್ಯಾಟರಿಯಲ್ಲಿದೆ, ಬಾನೆಟ್ಟಿಗೆ ಹೂ ಹಾಕಿದರೆ ಏನು ಬಂತು ಎಂದು ಉಸ್ತಾದರು ಹೇಳುತ್ತಿದ್ದರು.

ಮಂಗಳಾರತಿ ಆಯಿತು. ಹೋಳಿಗೆಯ ಎಡೆ ತರಲು ಉಸ್ತಾದರು ನನ್ನನ್ನು ಅವರ ಮನೆಗೆ ಕಳಿಸಿದರು. ನಾನು ಹೋಗಿ ಬರುವಷ್ಟರಲ್ಲಿ ಜೋಡಿದಾರ ಡಾಕ್ಟರ ಕಾರಿಗೆ ಬ್ಯಾಟರಿ ಏರಿಸಿಬಿಟ್ಟಿದ್ದ. ಲಾರಿಗೆ ಕೂಡಿಸಿದ ಹಾಗೆಯೇ ಮೈನಸ್ಸು ಮೈಗೆ. ಹಾಗೆ ಕೂಡಿಸಿದರೂ ಗಾಡಿ ಶುರುವಾಗುತ್ತದೆ, ದೀಪ ಉರಿಯುತ್ತದೆ, ಹಾರ್ನ್ ಹೊಡೆಯುತ್ತದೆ. ಮೋಸವೇ ಅಲ್ಲಿ. ಓಡತೊಡಗಿದ ಮೇಲೆ ಡೈನಮೊದ ಕರೆಂಟು ಒಂದು ದಿಕ್ಕಿಗೆ, ಬ್ಯಾಟರಿಯದು ಇನ್ನೊಂದು ದಿಕ್ಕಿಗೆ ಆಗಿ, ನಡುವೆ ಕಾವಲಿಗಿರುವ ಕಟೌಟ್ ಎನ್ನುವ ಡಬ್ಬಿ ಸುಡುತ್ತದೆ. ಹಾರ ಹಾಕಿಕೊಂಡು ಹೋದ ಕಾರು ರಂಗಂಪೇಟೆ ದಾಟುವಷ್ಟರಲ್ಲಿ ಹೊಗೆ ಬಿಟ್ಟಿತು. ಓಡಿಸುತ್ತಿದ್ದವರು ಡಾಕ್ಟರೇ, ಒಳಗೆ ಅವರ ಹೆಂಡತಿ, ಸಣ್ಣ ಮಗಳು ಇದ್ದರು.

ಎತ್ತಿನ ಬಂಡಿಗೆ ಕಟ್ಟಿ ಕಾರನ್ನು ಎಳೆದುಕೊಂಡು ಬಂದರು. ಉಸ್ತಾದರು ಬಾನೆಟ್ ಎತ್ತಿದವರೇ, "ಬ್ಯಾಟರಿ ಉಲ್ಟಾ ಅದ. ಯಾವನು ಕೂಡಿಸಿದ್ದು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಜೋಡಿದಾರ ನನ್ನ ಕಡೆ ಬೆರಳು ಮಾಡಿದ. "ಇವನ ರಿ. ಡೈನಮೊ ಕೆಲಸ ಇವಂದಽ ಇತ್ತಲ್ಲ. ಮೂರನೇತ್ತ ಪಾಸು, ಪ್ಲಸ್ ಯಾವ್ದು ಮೈನಸ್ ಯಾವ್ದು ಅಂತ ಏನ್ ಗೊತ್ತಾಗಬೇಕು?"

"ನಾ ಎಡಿ ತರಾಕ ಹೋಗಿದ್ದೆ ರಿ!" ಎಂದು ಕೂಗಿದೆ.

"ಎಡಿ ತರೋಕಿಂತ ಮೊದಲ ಕೂಡಿಸಿ ಹೋದಿ," ಎಂದ ಅವನು. ಅಷ್ಟಕ್ಕೆ ಬಿಡಲಿಲ್ಲ. ಹಲಗೆಯ ಮೇಲೆ ಕುಂಕುಮ ಹಚ್ಚಿಟ್ಟಿದ್ದ ದೊಡ್ಡ ಪಾನಾದ ಮೇಲೆ ಕೈ ಇಟ್ಟು ಆಣೆ ಮಾಡಿದ. ಪೂಜೆಯ ದಿನ, ಅನ್ನ ಕೊಡುವ ಪಾನಾ ಮುಟ್ಟಿ ಯಾರಾದರೂ ಸುಳ್ಳು ಹೇಳುತ್ತಾರೆಯೇ? ಉಸ್ತಾದರು ನಂಬಿದರು. ನಾನೂ ಕೈ ಇಡಲು ಮುಂದಾದರೆ, ಡಾಕ್ಟರು, "ಸಾಕು, ಇವನನ್ನು ಇನ್ನು ನನ್ನ ಗಾಡಿ ಹತ್ತಿರ ಬಿಡಬೇಡಿ," ಎಂದು ಮುಖ ತಿರುಗಿಸಿದರು.

ಅವತ್ತಿನಿಂದ ನನ್ನ ಹೆಸರು ಉಲ್ಟ್ಯಾ. ಅಪ್ಪ ಅವ್ವ ಇಟ್ಟ ಹೆಸರು ಹೋಯಿತು. ಕೆಲಸವೂ ಹೋಯಿತು. ಶಹಾಪುರಕ್ಕೆ ಬಂದು ಲಾರಿಗಳ ವಾಯರಿಂಗ್ ಮಾಡಿಕೊಂಡು ಬದುಕಿದೆ, ಹೆಸರು ನನಗಿಂತ ಮೊದಲೇ ಇಲ್ಲಿಗೆ ಬಂದು ಕೂತಿತ್ತು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ, ನಮ್ಮ ಬೀಗರಲ್ಲೊಬ್ಬ, "ಉಲ್ಟ್ಯಾನ ಮೊಮ್ಮಗಳು, ಕೂಸಿನ ತಲಿ ಯಾವ ಕಡಿ ಅದ ನೋಡ್ರೆವ್ವಾ," ಎಂದ. ಎಲ್ಲರೂ ನಕ್ಕರು. ನಾನು ಎಲೆ ಅಡಿಕೆಯ ತಟ್ಟೆ ಹಿಡಿದುಕೊಂಡು ನಿಂತಿದ್ದೆ.

ಎದುರು ಹೇಳಲು ನನ್ನ ಹತ್ತಿರ ಏನಿತ್ತು? ಆ ಗಾಡಿಯಲ್ಲಿ ಪ್ಲಸ್ಸೇ ಮೈಗೆ ಹೋಗಬೇಕು ಎಂದರೆ ಈಗಿನ ಮೆಕ್ಯಾನಿಕ್ ಹುಡುಗರು, "ಪ್ಲಸ್ ಯಾರು ಬಾಡಿಗಿ ಕೊಡ್ತಾರ ಮುತ್ಯಾ, ಖರೇನಽ ಉಲ್ಟಾ ಇದ್ದೀ ನೋಡು," ಎನ್ನುತ್ತಿದ್ದರು. ಉಸ್ತಾದರು ತೀರಿಹೋದರು. ಜೋಡಿದಾರ ಯಾದಗಿರಿಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಹಾಕಿದ. ಡಾಕ್ಟರು ಬೇರೆ ಬೇರೆ ಊರು ಸುತ್ತಿ, ನಿವೃತ್ತರಾಗಿ ಶಹಾಪುರಕ್ಕೇ ಬಂದರು, ಮಗಳು ಇಲ್ಲಿ ದವಾಖಾನೆ ತೆರೆದಿದ್ದರಿಂದ. ಅವರ ಗೇಟಿನ ಮುಂದೆ ವರ್ಷಗಟ್ಟಲೆ ಓಡಾಡಿದ್ದೇನೆ, ಒಂದು ದಿನವೂ ಒಳಗೆ ಕಾಲಿಡಲಿಲ್ಲ. ನನಗೆ ಒಂದೇ ಒಂದು ಬೇಕಾಗಿತ್ತು. ಆ ಡಾಕ್ಟರು ಕಣ್ಣು ಮುಚ್ಚುವ ಮೊದಲು, ಆ ಸುಳ್ಳು ಹೇಳಿದ ಬಾಯಿಯಿಂದಲೇ ನಿಜ ಕೇಳಬೇಕು. ಅವರಿಗೆ ತೊಂಬತ್ತು ಸಮೀಪಿಸಿತ್ತು. ದವಾಖಾನೆಯ ಮುಂದೆ ಆಂಬ್ಯುಲೆನ್ಸ್ ನಿಂತರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವರ ಜೀವಕ್ಕಾಗಿ ನನ್ನಷ್ಟು ಹರಕೆ ಹೊತ್ತವರು ಅವರ ಮನೆಯಲ್ಲೂ ಇರಲಿಕ್ಕಿಲ್ಲ.

ಈಗ ಮೊಮ್ಮಗಳಿಗೆ ಬರುತ್ತೇನೆ, ನನ್ನ ಬಂಗಾರಕ್ಕೆ. ಯಾದಗಿರಿಯಲ್ಲಿ ಐಟಿಐ ಮಾಡಿ ಬಂದು, ನನ್ನ ಹಳೆಯ ಶೆಡ್ಡಿನಲ್ಲೇ ಟ್ರ್ಯಾಕ್ಟರ್, ಬೈಕು, ಇನ್ವರ್ಟರ್ ಎಲ್ಲ ರಿಪೇರಿ ಮಾಡುತ್ತಾಳೆ. ಡಾಕ್ಟರ ಮಗಳ ದವಾಖಾನೆಯ ಜನರೇಟರ್ ಕೂಡ ಇವಳದೇ ಕೈ. ಹೋದ ತಿಂಗಳು ಒಂದು ಮಧ್ಯಾಹ್ನ ಊಟಕ್ಕೆ ಬಂದವಳು, "ಮುತ್ಯಾ, ಮೇಡಂ ಅವ್ರ ಮನ್ಯಾಗ ಒಂದು ಹಳೇ ಬಿಳಿ ಅಂಬಾಸಿಡರ್ ಅದ. ಅವ್ರ ಅಪ್ಪಾರಿಗೆ ಆ ಗಾಡ್ಯಾಗ ಒಮ್ಮೆ ವನದುರ್ಗಕ್ಕ ಹೋಗಬೇಕಂತ ಆಸೆ. ಮೊದಲನೇ ನೌಕರಿ ಅಲ್ಲೇ ಮಾಡಿದ್ರಂತ. ಯಾದಗಿರಿ ದೊಡ್ಡ ಮೇಸ್ತ್ರಿ ಮೂರು ತಿಂಗಳು ಇಟ್ಕೊಂಡು ಮೂರು ಕಟೌಟ್ ಸುಟ್ಟಾನ. ಡೈನಮೊ ಸತ್ತದ, ತೆಗೆದು ಒಗೀರಿ, ಹೊಸ ಆಲ್ಟರ್ನೇಟರ್ ಹಾಕೂಣು ಅಂದಾನಂತ," ಎಂದಳು.

ನನ್ನ ಕೈಯಲ್ಲಿನ ರೊಟ್ಟಿ ಪಲ್ಯದಲ್ಲಿ ಬಿತ್ತು. ಯಾದಗಿರಿಯ ದೊಡ್ಡ ಮೇಸ್ತ್ರಿ ಎಂದರೆ ಜೋಡಿದಾರನೇ. "ಬ್ಯಾಟರಿದು ಯಾವ ತುದಿ ಬಾಡಿಗಿ ಅದ?"

"ಮೈನಸ್. ಎಲ್ಲಾ ಗಾಡಿಗೂ ಇದ್ದಂಗ."

"ಅದು ಉಲ್ಟಾ."

"ಮುತ್ಯಾ, ನಿನಗ ಎಲ್ಲಾ..." ಎಂದು ನಾಲಿಗೆ ಕಚ್ಚಿಕೊಂಡಳು. ನನ್ನ ಮೊಮ್ಮಗಳ ಬಾಯಿಯಲ್ಲೂ ಆ ಹೆಸರು ತುದಿಗೆ ಬಂದು ನಿಂತಿತ್ತು. ಅವತ್ತೇ ಮೊದಲ ಸಲ ಅವಳನ್ನು ಕೂರಿಸಿ ಎಲ್ಲ ಹೇಳಿದೆ. ಕೇಳಿದಳು, ನೀರು ಕುಡಿದಳು, ಟಾರ್ಚ್ ತೆಗೆದುಕೊಂಡು ಎದ್ದು ಹೋದಳು.

ಸಂಜೆ ಓಡುತ್ತಾ ಬಂದಳು, ಕೈಯೆಲ್ಲ ಹಳೆ ಪೇಂಟಿನ ಪುಡಿ. ಬ್ಯಾಟರಿ ಕೂರಿಸುವ ಜಾಗದ ಹಿಂದೆ ಒಂದು ಸಣ್ಣ ತಗಡಿನ ಪಟ್ಟಿ ಇತ್ತಂತೆ. ಎಷ್ಟೋ ಸಲ ಪೇಂಟ್ ಬಳಿದು ಬಳಿದು ಮುಚ್ಚಿಹೋಗಿದ್ದನ್ನು ಬ್ಲೇಡಿನಿಂದ ಕೆರೆದು, ಫೋಟೊ ಹೊಡೆದು ತಂದಿದ್ದಳು. ಇಂಗ್ಲಿಷ್ ಅಕ್ಷರ. ನನಗೆ ಬರುವುದಿಲ್ಲ. ಬೆರಳಿಟ್ಟು ಓದಿದಳು: "ಪಾಸಿಟಿವ್ ಅರ್ತ್. ಪ್ಲಸ್ಸೇ ಬಾಡಿಗಿ, ಮುತ್ಯಾ. ನೀ ಹೇಳಿದ್ದಽ ಬರದದ." ಅವಳ ಕಣ್ಣಲ್ಲಿ ನೀರಿತ್ತು. ನಾನು ಆ ಫೋಟೊ ಎಷ್ಟು ಸಲ ನೋಡಿದೆನೋ. ನಲವತ್ತು ವರ್ಷ ನನ್ನ ಸಾಕ್ಷಿ ಆ ಬಾನೆಟ್ಟಿನ ಕೆಳಗೇ ಕೂತಿತ್ತು. ಇಂಗ್ಲಿಷ್ ಬಾರದವನಿಗೆ ಅದರ ಗುರುತೇ ಸಿಗಲಿಲ್ಲ.

"ನಾಳೆ ಹೋಗಿ ತಿರುವಿ ಕೂಡಿಸಿ ಬರ್ತೀನಿ. ಗಾಡಿ ಓಡಿದ್ರ ಸಾಕಲ್ಲ?" ಎಂದಳು.

"ಸಾಲದವ್ವ," ಎಂದೆ. "ಡೈನಮೊ ಬಿಚ್ಚಿ ಸ್ವಚ್ಛ ಮಾಡು. ಬ್ಯಾಟರಿ ಮಾತ್ರ ಅವ ಕೂಡಿಸಿದಂಗಽ ಇರಲಿ. ಅವನ್ನ ಕರಸು. ಅವ ಬಡಾಯಿ ಮನುಷ್ಯ. ನಿನಗ ಗೊತ್ತಿಲ್ಲ ಅಂತ ಒಂದು ಮಾತು ಅಂದು ನೋಡು, ಎಲ್ಲಾ ತಾನಽ ಕಕ್ಕತಾನ."

ಡೈನಮೊ ಸತ್ತಿರಲಿಲ್ಲ. ಕಾರ್ಬನ್ನುಗಳು ತಮ್ಮ ಗೂಡಿನಲ್ಲಿ ಸಿಕ್ಕಿಕೊಂಡಿದ್ದವು, ಅವು ಉಜ್ಜುವ ತಾಮ್ರದ ಮೇಲೆ ಮಸಿ ಕೂತಿತ್ತು. ಮೊಮ್ಮಗಳು ನಯವಾದ ಸ್ಯಾಂಡ್ ಪೇಪರ್ ಹಚ್ಚಿ ಉಜ್ಜಿ ಹೊಳಪು ತಂದಳು. ಎರಡು ವಾಯರ್ ಕಿತ್ತು, ಡೈನಮೊದ ಎರಡು ತುದಿ ಜೋಡಿಸಿ, ಒಂದು ಸಣ್ಣ ಬಲ್ಬ್ ಹಿಡಿದು ಇಂಜಿನ್ ಓಡಿಸಿದಾಗ ಬಲ್ಬ್ ಬೆಳ್ಳಗೆ ಉರಿಯಿತು. ಸುಟ್ಟ ಮೂರು ಕಟೌಟುಗಳಲ್ಲಿ ಒಂದನ್ನು ಬಿಚ್ಚಿ, ಅಂಟಿಕೊಂಡ ಪಾಯಿಂಟ್ ಬಿಡಿಸಿ, ಅರ ಹಾಕಿ ಸರಿ ಮಾಡಿ ಜೇಬಿನಲ್ಲಿಟ್ಟುಕೊಂಡಳು. ಎಲ್ಲ ತಯಾರಾಯಿತು. ಮೇಡಂಗೆ, "ಮೊದಲು ಕೆಲಸ ಮಾಡಿದ ಮೇಸ್ತ್ರೀನ ಒಮ್ಮೆ ಕರಸ್ರಿ, ಅವ್ರು ಏನೇನು ಮಾಡ್ಯಾರ ಕೇಳಬೇಕು," ಎಂದಳು. ದವಾಖಾನೆಯ ಗಾಡಿಗಳೆಲ್ಲ ಅವನ ಅಂಗಡಿಗೇ ಹೋಗುತ್ತಿದ್ದವು, ಬರುವುದಿಲ್ಲ ಎನ್ನಲು ಅವನಿಗೆ ಆಗಲಿಲ್ಲ. ಯಾದಗಿರಿಯಿಂದ ಬಸ್ಸು ಹಿಡಿದು ಬಂದ.

ನಾನು ಆ ಗೇಟಿನೊಳಗೆ ಮೊದಲ ಸಲ ಕಾಲಿಟ್ಟೆ. ಕಿಟಕಿಯ ಹಿಂದೆ ಬೆತ್ತದ ಕುರ್ಚಿಯಲ್ಲಿ ಡಾಕ್ಟರು ಕೂತಿದ್ದರು, ಬಗಲಲ್ಲಿ ಒಂದು ಸ್ಟೂಲಿನ ಮೇಲೆ ನಾನು. ಕಿಟಕಿಯಾಚೆ ಪೋರ್ಟಿಕೊದಲ್ಲಿ ಕಾರು. "ಯಾರಪ್ಪಾ ನೀನು?" ಎಂದು ಕೇಳಿದರು. "ಆ ಹುಡುಗಿ ಮುತ್ಯಾ ರಿ," ಎಂದೆ. ಚಹಾ ಕೊಟ್ಟರು. ಗೇಟಿನ ಮೇಲೇ ಕಣ್ಣಿಟ್ಟು ಕುಡಿದೆ.

ಅವನು ಬಂದ. ತಲೆಗೆ ಕಪ್ಪು ಬಣ್ಣ, ಬೆರಳಿಗೆ ಎರಡು ಉಂಗುರ. "ಮೇಸ್ತ್ರಿ ಎಲ್ಲಿ?" ಎಂದ.

"ನಾನಽ ರಿ," ಎಂದಳು ಮೊಮ್ಮಗಳು.

"ನೀನಾ?" ಎಂದು ನಕ್ಕ. "ಭಲೆ! ಬಳಿ ಹಾಕ್ಕೊಳ್ಳೋ ಕೈಯಾಗ ಪಾನಾ ಕೊಟ್ಟಾರಲ್ಲ."

"ಬಳಿ ತೆಗದಿಟ್ಟಽ ಕೆಲಸ ಮಾಡತೀನಿ ಕಾಕಾ, ಬ್ಯಾಟರಿಗೆ ತಾಗಿದ್ರ ಸುಡತಾವ. ನಿಮ್ಮ ಉಂಗುರನೂ ತೆಗೀರಿ ಮತ್ತ."

ಡಾಕ್ಟರು ಒಳಗೆ ಮೆಲ್ಲಗೆ ನಕ್ಕರು. ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತು ಬರುವಂತಾಯಿತು.

"ಕಾಕಾ, ಈ ಬ್ಯಾಟರಿ ನಿಮ್ಮ ಹುಡುಗ್ರು ಕೂಡಿಸಿದ್ದೇನ್ರಿ?" ಎಂದು ಕೇಳಿದಳು.

"ಹುಡುಗ್ರ ಕೈಗಿ ಕೊಡತೀನೇನು? ನಾನಽ ಕೂಡಿಸೀನಿ. ಮೈನಸ್ ಬಾಡಿಗಿ, ಬರೋಬರಿ ಅದ."

"ಇಂಥಾ ಹಳೇ ಗಾಡಿ ನೀವು ಮೊದಲ ನೋಡಿರಾಕಿಲ್ಲ ಬಿಡ್ರಿ. ಅದಕ್ಕಽ ಚಾರ್ಜ್ ಕೂಡವಲ್ದು."

ಅಷ್ಟು ಸಾಕಾಯಿತು. "ನೋಡಿರಾಕಿಲ್ಲಾ?" ಎಂದು ಬಾನೆಟ್ ಮೇಲೆ ಬಡಿದ. "ಏ ತಂಗಿ, ನಿಮ್ಮಪ್ಪ ಚಡ್ಡಿ ಹಾಕ್ಕೊಳ್ಳಾಕ ಕಲಿಯೋ ಮೊದಲ ಇದಽ ಗಾಡಿ ನನ್ನ ಕೈಯಾಗ ಇತ್ತು. ಸುರಪುರದಾಗ ಆಯುಧ ಪೂಜಿ ದಿನ ವಿಭೂತಿ ಕುಂಕುಮ ಹಚ್ಚಿದ ಬ್ಯಾಟರಿ ಈ ಗಾಡಿಗೆ ಏರಿಸಿದಾವ ನಾನು. ಮೈನಸ್ ಬಾಡಿಗಿ! ಡಾಕ್ಟರ್ ಸಾಹೇಬ್ರು ಗಾಡಿಗಿ ಹಾರ ಹಾಕ್ಕೊಂಡು ಜುಮ್ಮಂತ ಹೋದ್ರು. ಬೇಕಾದ್ರ ಅವರನ್ನಽ ಕೇಳು."

ಡಾಕ್ಟರ ಕೈಯಲ್ಲಿನ ಕಪ್ಪು ನಿಂತಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅವನು ಅದನ್ನು ಮರೆತಿದ್ದ. ಹೊಗೆ, ಆಣೆ, ನಾನು, ಎಲ್ಲ. ನನ್ನ ನಲವತ್ತು ವರ್ಷ ತಿಂದ ಆ ಸುಳ್ಳು ಅವನ ತಲೆಯಲ್ಲಿ ಒಂದು ಮೂಲೆಯಲ್ಲೂ ಉಳಿದಿರಲಿಲ್ಲ. ನೆನಪಿಟ್ಟುಕೊಂಡು ಒಳಗೊಳಗೇ ಬೆಂದಿರುತ್ತಾನೆ ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಬೆಂದಿರಲಿಲ್ಲ. ಮಸ್ತಾಗಿ ಉಂಡು ಮಲಗಿದ್ದ. ಸಿಟ್ಟು ನನ್ನ ಕಾಲಿಂದ ತಲೆಗೇರಿತು. ಮನೆಯಿಂದ ತಂದಿದ್ದ ಪಾನಾ ಪಂಚೆಯ ಮಡಿಕೆಯಿಂದ ತೆಗೆದು ಹೊರಗೆ ಬಂದೆ. ಅದು ಆ ದಿನದ ಅದೇ ಪಾನಾ. ಸಾಯುವ ಮುಂಚೆ ಉಸ್ತಾದರು, ಯಾಕೆಂದು ಹೇಳದೆ, ನನಗೆ ಕಳಿಸಿಕೊಟ್ಟಿದ್ದರು.

ಅವನು ನನ್ನನ್ನು ನೋಡಿದ. ಮೊದಲು ಗುರುತು ಸಿಗಲಿಲ್ಲ. ಆಮೇಲೆ ಬಾಯಿಯಿಂದ ತಾನಾಗಿ ಬಂತು: "ಉಲ್ಟ್ಯಾ?"

"ಹೌದೋ ಜೋಡಿದಾರ, ಉಲ್ಟ್ಯಾನಽ. ಈ ಪಾನಾ ಗುರುತು ಸಿಗತದೇನು? ಇದರ ಮ್ಯಾಲ ಕೈ ಇಟ್ಟು ಬ್ಯಾಟರಿ ನಾ ಕೂಡಿಸಿದ್ದು ಅಂದಿ. ಈಗ ನೀ ಕೂಡಿಸಿದ್ದು ಅಂದಿ. ಯಾವ್ದು ಖರೇ?"

ಆಗ ಇಳಿಯಿತು ನೋಡಿ ಮುಖ! ಮೊದಲು ಗಲ್ಲ, ಆಮೇಲೆ ತುಟಿ, ಆಮೇಲೆ ಆ ಕಪ್ಪು ಬಳಿದ ತಲೆ. "ಅದೆಲ್ಲಾ ಹಳೇ ಮಾತು ಮಾರಾಯ, ಈಗ್ಯಾಕ..." ಎಂದು ಗೊಣಗಿದ.

ಡಾಕ್ಟರು ಕೋಲೂರಿಕೊಂಡು ಬಾಗಿಲಿಗೆ ಬಂದಿದ್ದರು. "ಪಾನಾದ ಮೇಲೆ ಕೈ ಇಡಿ. ಇಟ್ಟು ಹೇಳಿ," ಎಂದರು.

ಇಟ್ಟ. "ನಾನಽ ಕೂಡಿಸಿದ್ದೆ ರಿ," ಎಂದ. ಧ್ವನಿ ಸಣ್ಣದಾಗಿತ್ತು. "ಸಾಹೇಬ್ರಿಗೆ ಕೇಳಸಲಿಲ್ಲ," ಎಂದೆ. ಕೇಳಿಸಿತ್ತು, ನನಗೆ ಗೊತ್ತು. ಆದರೂ ಇನ್ನೊಂದು ಸಲ ಹೇಳಿಸಿದೆ.

ಮೊಮ್ಮಗಳು ಆ ತಗಡಿನ ಪಟ್ಟಿಗೆ ಟಾರ್ಚ್ ಹಿಡಿದು ಎಲ್ಲರಿಗೂ ಓದಿ ಹೇಳಿದಳು. ಆಮೇಲೆ ಬ್ಯಾಟರಿ ತಿರುಗಿಸಿ, ಪ್ಲಸ್ಸನ್ನು ಗಾಡಿಯ ಮೈಗೆ ಬಿಗಿದಳು, ರಿಪೇರಿ ಮಾಡಿದ ಕಟೌಟ್ ಕೂರಿಸಿದಳು. ಒಂದು ಕೆಲಸ ಮಾತ್ರ ನನಗೆ ಬಿಟ್ಟಳು. ಡೈನಮೊದ ಕಬ್ಬಿಣಕ್ಕೆ ನೆನಪಿರುತ್ತದೆ. ಕೊನೆಗೆ ಯಾವ ದಿಕ್ಕಿಗೆ ಕರೆಂಟು ಹರಿಯಿತೋ ಅದನ್ನೇ ವರ್ಷಗಟ್ಟಲೆ ಹಿಡಿದುಕೊಂಡು ಕೂತಿರುತ್ತದೆ, ನನ್ನ ಹಾಗೆ. ಮೂರು ಸಲ ಸುಟ್ಟು ಅದಕ್ಕೆ ದಿಕ್ಕು ತಪ್ಪಿರಬಹುದು. ಬ್ಯಾಟರಿಯಿಂದ ಒಂದು ವಾಯರ್ ತಂದು ಡೈನಮೊದ ಸಣ್ಣ ತುದಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ತಾಗಿಸಿದರೆ ಸರಿಯಾದ ದಿಕ್ಕು ಬರುತ್ತದೆ. ತಾಗಿಸಿದೆ. ಚಿಟ್ ಎಂದು ಒಂದು ಕಿಡಿ. ಅಷ್ಟೇ.

ಇಂಜಿನ್ ಶುರು ಮಾಡಿ ಎಕ್ಸಿಲರೇಟರ್ ಒತ್ತಿದಳು. ಡ್ಯಾಶ್‌ಬೋರ್ಡಿನ ಅಮೀಟರ್ ಮುಳ್ಳು ನಡುಗಿತು, ನಡುವೆ ನಿಂತಿತು, ಆಮೇಲೆ ಮೆಲ್ಲಗೆ ಪ್ಲಸ್ಸಿನ ಕಡೆ ವಾಲಿ ಅಲ್ಲೇ ಕೂತಿತು. "ಮುತ್ಯಾ, ಚಾರ್ಜ್ ಆಗಾಕತ್ತದ!" ಎಂದು ಕೂಗಿದಳು. ಆ ಕೂಗಿಗೆ ನಾನು ಕುಣಿದೆ. ಸುಳ್ಳಲ್ಲ, ಈ ನೋಯುವ ಮೊಣಕಾಲು ಇಟ್ಟುಕೊಂಡು ಡಾಕ್ಟರ ಅಂಗಳದಲ್ಲಿ ಕುಣಿದೆ.

ಡಾಕ್ಟರು ನನ್ನ ಹೆಗಲ ಮೇಲೆ ಕೈ ಇಟ್ಟರು. "ಅವತ್ತು ನಿನ್ನ ಮಾತು ಕೇಳಬೇಕಿತ್ತು. ಕೇಳಲಿಲ್ಲ," ಎಂದರು. ಆಮೇಲೆ, "ನಿನ್ನ ಹೆಸರೇನು?" ಎಂದು ಕೇಳಿದರು. ಹೇಳಿದೆ. ಅವರು ಆ ಹೆಸರನ್ನು ಒಮ್ಮೆ ಬಾಯಿ ತುಂಬಾ ಕರೆದು, ಹಿಂದಿನ ಬಾಗಿಲು ತೆರೆದು, "ಹತ್ತು, ವನದುರ್ಗಕ್ಕೆ ಹೋಗೋಣ," ಎಂದರು.

ಜೋಡಿದಾರ ಗೇಟಿನ ಹತ್ತಿರ ನನ್ನ ಕೈ ಹಿಡಿದು, "ತಪ್ಪಾತೋ, ಮನಸ್ಸಿನಾಗ ಇಟ್ಕೋಬ್ಯಾಡ," ಎಂದ. ಕ್ಷಮಿಸಿದೆಯಾ ಎಂದು ಈಗ ಎಲ್ಲರೂ ಕೇಳುತ್ತಾರೆ. ಇಲ್ಲ. ಕೈ ಬಿಡಿಸಿಕೊಂಡು ಕಾರು ಹತ್ತಿದೆ. ಅವನು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಡಾಕ್ಟರು ಮತ್ತು ನಾನು ಹಿಂದೆ, ಮೇಡಂ ಮುಂದೆ, ಸ್ಟೇರಿಂಗ್ ನನ್ನ ಮೊಮ್ಮಗಳ ಕೈಯಲ್ಲಿ. ಬಸ್ ಸ್ಟ್ಯಾಂಡಿನ ಮುಂದೆ ಯಾದಗಿರಿ ಬಸ್ಸಿಗೆ ಕಾಯುತ್ತಾ ಅವನು ಬಿಸಿಲಲ್ಲಿ ನಿಂತಿದ್ದ. "ಲೈಟ್ ಹಚ್ಚವ್ವ," ಎಂದೆ.

"ಇಂಥಾ ಬಿಸಿಲಾಗ ಯಾಕ ಮುತ್ಯಾ?"

"ಹಚ್ಚು ಅಂದ್ರ ಹಚ್ಚು. ಚಾರ್ಜ್ ಬೇಕಾದಷ್ಟು ಅದ."

ಎರಡೂ ದೀಪ ಉರಿದವು. ಮುಳ್ಳು ಪ್ಲಸ್ಸಿನಿಂದ ಅಲುಗಲಿಲ್ಲ. ಅವನ ಹತ್ತಿರ ಬಂದಾಗ ಅವಳು ನನ್ನನ್ನು ಕೇಳದೆ ತಾನೇ ಹಾರ್ನ್ ಒತ್ತಿ ಹಿಡಿದಳು. ಬಸ್ ಸ್ಟ್ಯಾಂಡೆಲ್ಲ ತಿರುಗಿ ನೋಡಿತು. ಅವನೊಬ್ಬ ನೆಲ ನೋಡಿದ.

ಮುಂದಿನ ಸರ್ಕಲ್ಲಿನಲ್ಲಿ ಎಡಕ್ಕೆ ಹೊರಳಿದರೆ ವನದುರ್ಗದ ದಾರಿ. ನಾನು ಡಾಕ್ಟರ ಮುಖ ನೋಡಿದೆ, ಡಾಕ್ಟರು ಮೊಮ್ಮಗಳಿಗೆ ಹೇಳಿದರು, "ಹಿಂದಕ್ಕೆ ತಿರುಗಿಸಮ್ಮ, ಬಸ್ ಸ್ಟ್ಯಾಂಡಿನ ಮುಂದೆ ಇನ್ನೊಂದು ಸುತ್ತು ಹೋಗೋಣ."